ತಪ್ಪನ್ನು ಪಾಲು ಮಾಡೋಕಾಗುತ್ತಾ?

2021ರ ಏಪ್ರಿಲ್‌ನಲ್ಲಿ ಮಲಯಾಳಂನ 'ಜೋಜಿ' ಅಮೆಜಾನ್ ಪ್ರೈಮ್‌ಗೆ ಬಂತು. ನೋಡಿದವರಲ್ಲಿ ಆಗಲೇ ಎರಡು ಪಕ್ಷ ಆಗಿತ್ತು, ಇವತ್ತಿಗೂ ಊಟದ ಟೇಬಲ್ಲಲ್ಲಿ ಈ ಸಿನಿಮಾ ಮಾತು ಬಂದ್ರೆ ಜಗಳ ಮುಗಿಯಲ್ಲ. ಇನ್ನೂ ನೋಡಿಲ್ಲದವರು ನೋಡ್ಕೊಂಡು ಬಂದು ಓದಿ, ಕಥೆಯ ಗುಟ್ಟೆಲ್ಲ ಇಲ್ಲಿ ಬಿಟ್ಟುಕೊಡ್ತೀನಿ.

ದಿಲೀಶ್ ಪೋತನ್ ನಿರ್ದೇಶನ, ಶ್ಯಾಮ್ ಪುಷ್ಕರನ್ ಬರವಣಿಗೆ, ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್'ನಿಂದ ಪ್ರೇರಣೆ. ಕೇರಳದ ಒಂದು ತೋಟದ ಮನೆ. ಗಟ್ಟಿಮುಟ್ಟಾದ ಅಪ್ಪ, ಮೂರು ಜನ ಗಂಡುಮಕ್ಕಳು. ದುಡ್ಡು, ತೋಟ, ತೀರ್ಮಾನ ಎಲ್ಲವೂ ಅಪ್ಪನ ಕೈಲಿ. ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟ ಕಿರಿಯ ಮಗ ಜೋಜಿ (ಫಹಾದ್ ಫಾಸಿಲ್) ಆ ಮನೆಯಲ್ಲಿ ಲೆಕ್ಕಕ್ಕೇ ಇಲ್ಲ. ಅಪ್ಪನಿಗೆ ಪಾರ್ಶ್ವವಾಯು ಹೊಡೆಯುತ್ತೆ. ಇನ್ನೇನು ಹೋಗ್ತಾನೆ ಅಂದುಕೊಂಡ ಅಪ್ಪ ಚೇತರಿಸಿಕೊಳ್ಳೋಕೆ ಶುರು ಮಾಡಿದಾಗ ಜೋಜಿ ಮಾತ್ರೆ ಬದಲಾಯಿಸ್ತಾನೆ. ಅಪ್ಪ ಸಾಯ್ತಾನೆ. ಅನುಮಾನ ಪಟ್ಟ ದೊಡ್ಡಣ್ಣನನ್ನೂ ಆಮೇಲೆ ಕೊಲ್ತಾನೆ.

ಒಂದು ಪಕ್ಷ ಹೇಳುತ್ತೆ: ಅಂಥ ಅಪ್ಪ ಇದ್ರೆ ಮಗ ಇನ್ನೇನಾಗ್ತಾನೆ? ಜೋಜಿಯನ್ನ ತಯಾರು ಮಾಡಿದ್ದೇ ಆ ಮನೆ. ಇನ್ನೊಂದು ಪಕ್ಷ: ಕೊಲೆಗಾರನಿಗೆ ಕಣ್ಣೀರು ಯಾಕೆ? ಹೆಂಡತಿ ಬಿಟ್ಟುಹೋದ ದೊಡ್ಡಣ್ಣ ಜೋಮೋನ್ ಕೂಡ ಅದೇ ಮನೆಯಲ್ಲಿ, ಅದೇ ಅಪ್ಪನ ಕೈಕೆಳಗೆ ಬದುಕಿದವನು. ಅವನು ಯಾರನ್ನೂ ಕೊಲ್ಲಲಿಲ್ಲವಲ್ಲ?

ಎರಡೂ ಮಾತು ನಿಜ ಅನ್ನೋದೇ ನನಗೆ ತಲೆ ತಿನ್ನುವ ವಿಷಯ.

ನಾನು ಬೆಳೆದದ್ದು ಅಡಿಕೆ ತೋಟದ ಊರಲ್ಲಿ. ನಮ್ಮ ಕಡೆ ನಲವತ್ತು ದಾಟಿದ ಮಗ ಬೈಕಿಗೆ ಪೆಟ್ರೋಲ್ ಹಾಕಿಸೋಕೆ ಅಪ್ಪನ ಮುಂದೆ ನಿಂತು ತಲೆ ಕೆರ್ಕೊಳ್ಳೋದು ಹೊಸ ದೃಶ್ಯ ಏನಲ್ಲ. ಪಹಣಿ ಅಪ್ಪನ ಹೆಸರಲ್ಲಿ, ಮಂಡಿ ಲೆಕ್ಕ ಅಪ್ಪನ ಹೆಸರಲ್ಲಿ. ದುಡಿಯೋನು ಮಗ, ಸಹಿ ಅಪ್ಪನದು. ಪೌತಿ ಖಾತೆ ಆಗೋವರೆಗೆ, ಅಂದ್ರೆ ಅಪ್ಪ ಸಾಯೋವರೆಗೆ, ಅವನು 'ಹುಡುಗ'ನೇ. ಮಕ್ಕಳ ಸ್ವಾತಂತ್ರ್ಯವನ್ನ ಅಪ್ಪನ ಸಾವಿಗೆ ಗಂಟು ಹಾಕಿಟ್ಟ ವ್ಯವಸ್ಥೆ ಇದು. ಇಂಥ ಮನೆಯಲ್ಲಿ ಯಾರ ಮನಸ್ಸಲ್ಲೂ ಕೆಟ್ಟ ಯೋಚನೆ ಸುಳಿಯಲ್ಲ ಅಂತ ಹೇಳೋಕೆ ನನಗೆ ಧೈರ್ಯ ಇಲ್ಲ. ಆದ್ರೆ ಯೋಚನೆ ಸುಳಿಯೋದಕ್ಕೂ ಮಾತ್ರೆ ಬದಲಾಯಿಸೋದಕ್ಕೂ ನಡುವೆ ಜಾಗ ಇದೆ. ಬಹಳಷ್ಟು ಜನ ಆ ಜಾಗದಲ್ಲೇ ಜೀವನ ಪೂರ್ತಿ ನಿಂತಿರ್ತಾರೆ.

ನಮ್ಮ ಕೆಲಸದಲ್ಲಿ ಸರ್ವರ್ ಬಿದ್ದಾಗ 'ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್' ಮಾಡ್ತೀವಿ. ಯಾರು ಕೆಡಿಸಿದ್ರು ಅಂತ ಬೆರಳು ತೋರಿಸಲ್ಲ, ಯಾಕೆ ಹೀಗಾಯ್ತು ಅಂತ ಕೇಳ್ತಾ ಹೋಗ್ತೀವಿ. ಒಳ್ಳೇ ಪದ್ಧತಿ. ಅದೇ ಪ್ರಶ್ನೆಯನ್ನ ಈ ಮನೆಗೆ ಹಾಕಿ ನೋಡಿ. ಜೋಜಿ ಯಾಕೆ ಹೀಗೆ? ಅಪ್ಪನಿಂದ. ಅಪ್ಪ ಯಾಕೆ ಹಾಗೆ? ಅವನಪ್ಪನಿಂದ ಇರಬಹುದು. ಹೀಗೆ ಹಿಂದಕ್ಕೆ ಹೋದ್ರೆ ಕಾರಣ ಸಿಗ್ತಾನೇ ಇರುತ್ತೆ, ಹೊಣೆ ಹೊರೋ ಮನುಷ್ಯ ಮಾತ್ರ ಸಿಗಲ್ಲ. ಜೋಜಿ ಮಾಡೋದೂ ಇದನ್ನೇ. ತನ್ನನ್ನ ತಾನು ಮುಗಿಸಿಕೊಳ್ಳೋಕೆ ಹೊರಟಾಗಲೂ ಅವನು ದೂರೋದು ಸಮಾಜವನ್ನ.

ನಮ್ಮ ಜಗಳ ಮುಗಿಯದೇ ಇರೋದಕ್ಕೆ ಕಾರಣ ಇಲ್ಲಿದೆ ಅನ್ಸುತ್ತೆ. ತಪ್ಪು ಅಂದ್ರೆ ಅಪ್ಪ ಬಿಟ್ಟುಹೋದ ಆರು ಎಕರೆ ಜಮೀನು ಅಂದುಕೊಂಡಿದ್ದೀವಿ. ಅಪ್ಪನಿಗೆ ನಾಲ್ಕು ಎಕರೆ ಬರೆದ್ರೆ ಮಗನಿಗೆ ಉಳಿಯೋದು ಎರಡೇ. ಅದಕ್ಕೇ ಮಗನ ಪರ ಇರೋರು ಅಪ್ಪನ ಪಾಲು ಹೆಚ್ಚಿಸ್ತಾರೆ, ಉಳಿದವರು ಕಡಿಮೆ ಮಾಡ್ತಾರೆ. ಆದ್ರೆ ತಪ್ಪಿಗೆ ಹಾಗೆ ಸರ್ವೆ ನಂಬರ್ ಇಲ್ಲ. ಮಕ್ಕಳನ್ನ ನೆಲಕ್ಕೊತ್ತಿ ಬೆಳೆಸಿದ್ದು ಪೂರ್ತಿಯಾಗಿ ಅಪ್ಪನ ತಪ್ಪು. ಕೊಂದಿದ್ದು ಪೂರ್ತಿಯಾಗಿ ಜೋಜಿಯ ತಪ್ಪು. ಒಂದು ಹೆಚ್ಚಾದ್ರೆ ಇನ್ನೊಂದು ಕಡಿಮೆ ಆಗಲ್ಲ.

ಅತ್ತಿಗೆ ಬಿನ್ಸಿಯ ಲೆಕ್ಕವೂ ಬೇರೆ. ಅಷ್ಟು ಗಂಡಸರಿಗೆ ಬೇಯಿಸಿ ಹಾಕೋದರಲ್ಲೇ ದಿನ ಕಳೆಯೋ ಅವಳಿಗೆ ಎಲ್ಲ ಗೊತ್ತಿದೆ, ಸುಮ್ಮನಿರ್ತಾಳೆ. ಮಾವ ಸತ್ತಾಗ ಜೋಜಿಗೆ ಮಾಸ್ಕ್ ಹಾಕ್ಕೊಂಡು ಬಾ ಅಂತಾಳೆ. ಕೊರೋನಾ ಕಾಲದ ಸಾಮಾನ್ಯ ಮಾತು, ಆದ್ರೆ ಮುಖದಲ್ಲಿ ದುಃಖ ಇಲ್ಲ ಅನ್ನೋದನ್ನ ಮುಚ್ಚೋಕೆ ಅದಕ್ಕಿಂತ ಒಳ್ಳೇ ಉಪಾಯ ಇಲ್ಲ. ಅವಳ ಉಸಿರು ಕಟ್ಟಿತ್ತು ಅನ್ನೋದು ಅರ್ಥ ಆಗುತ್ತೆ. ಅರ್ಥ ಆಯ್ತು ಅಂದ ಮಾತ್ರಕ್ಕೆ ಆ ಮೌನ ಸರಿ ಆಗಲ್ಲ.

1985ರಲ್ಲೇ ಕೆ.ಜಿ. ಜಾರ್ಜ್ 'ಇರಗಳ್' ಅಂತ ಸಿನಿಮಾ ಮಾಡಿದ್ರು. ಅಲ್ಲೂ ಶ್ರೀಮಂತ ತೋಟದ ಮನೆ, ಅಲ್ಲೂ ಕೊಲೆಗಾರ ಕಿರಿಯ ಮಗನೇ. ಹೆಸರಿನ ಅರ್ಥ 'ಬಲಿಯಾದವರು'. ಯಾರು ಬಲಿ, ಸತ್ತವರಾ, ಕೊಂದವನಾ? ಎರಡರಲ್ಲಿ ಒಂದನ್ನ ಆರಿಸಲೇಬೇಕು ಅಂತ ಆ ಹೆಸರು ಕೇಳಲ್ಲ.

ಈ ಲೆಕ್ಕ ಸಿನಿಮಾಗಿಂತ ಮನೆಗೆ ಜಾಸ್ತಿ ಬೇಕು. ಹಬ್ಬಕ್ಕೆ ಊರಿಗೆ ಹೋಗೋಕೆ ಬಸ್ ಬುಕ್ ಮಾಡುವಾಗಲೇ ಹೊಟ್ಟೆಯಲ್ಲಿ ಸಂಕಟ ಶುರುವಾಗೋರು ನಮ್ಮ ನಡುವೆ ಎಷ್ಟೋ ಜನ ಇದ್ದಾರೆ. ಅವರಿಗೆ "ಎಷ್ಟಾದ್ರೂ ಅಪ್ಪ ಅಲ್ವಾ" ಅಂದ್ರೆ ಅವರು ಅನುಭವಿಸಿದ್ದನ್ನ ಅಳಿಸಿದ ಹಾಗೆ. "ಎಲ್ಲಾ ನಿಮ್ಮಪ್ಪನಿಂದಲೇ" ಅಂದ್ರೆ ಅವರ ಕೈಲಿರೋ ನಾಳೆಯನ್ನೂ ಅಪ್ಪನ ಹೆಸರಿಗೇ ಬರೆದುಕೊಟ್ಟ ಹಾಗೆ. ಅಪ್ಪ ಮಾಡಿದ್ದು ತಪ್ಪು ಅಂತ ಒಪ್ಪಿ, ಮುಂದಿನದು ನಿನ್ನದು ಅಂತಲೂ ಹೇಳೋಕಾಗಬೇಕು. ಕೇಳೋಕೆ ಕಷ್ಟದ ಮಾತು ನಿಜ. ಆದ್ರೆ ಜೋಜಿಗೆ ಆ ಮನೆಯಲ್ಲಿ ಇದನ್ನ ಹೇಳೋರು ಒಬ್ಬರೂ ಇರಲಿಲ್ಲ.