ಅನೃಣಿಯ ಸುಖ

ಸುಖಿ ಯಾರೆಂಬ ಯಕ್ಷನ ಪ್ರಶ್ನೆಗೆ ಧರ್ಮರಾಜನಿತ್ತ ಉತ್ತರವನ್ನು ನಾವು ಪ್ರವಚನಗಳಲ್ಲಿ ಅನೇಕ ಬಾರಿ ಕೇಳಿದ್ದೇವೆ. ಬೇಯುವುದು ಬರಿಯ ಸೊಪ್ಪಾದರೂ ಸ್ವಗೃಹದಲ್ಲಿ ಉಂಡು, ಸಾಲವಿಲ್ಲದೆ ಇರುವವನೇ ಸುಖಿ. ಆದರೂ ಉಪನಯನ, ವಿವಾಹಗಳಲ್ಲಿ ನಾಲ್ಕು ಜನರ ಮೆಚ್ಚುಗೆಗಾಗಿ ನಾವು ಬಡ್ಡಿಗೆ ಸಾಲ ತರುತ್ತೇವೆ. ತಿಂಗಳಿಗೆ ನೂರಕ್ಕೆ 2 ರೂಪಾಯಿಯಂತೆ 50,000 ರೂಪಾಯಿಗೆ ವರ್ಷಕ್ಕೆ 12,000 ರೂಪಾಯಿ ಬಡ್ಡಿಯೇ ಆಗುತ್ತದೆ; ಅಸಲು ಇದ್ದಂತೆಯೇ ಇರುತ್ತದೆ.

ಹಾಗಾದರೆ ವ್ಯಯವನ್ನು ಎಲ್ಲಿ ತಗ್ಗಿಸಬೇಕು? ಮಗುವಿನ ಹಾಲು, ವೃದ್ಧರ ಔಷಧ, ಮನೆಗೆಲಸದವರ ಸಂಬಳ ಇವುಗಳಲ್ಲಿ ಕೈ ಬಿಗಿಹಿಡಿಯುವುದು ಮಿತವ್ಯಯವಲ್ಲ; ಅದು ನಮ್ಮ ಭಾರವನ್ನು ದುರ್ಬಲರ ಹೆಗಲಿಗೆ ಹೊರಿಸುವುದು. ಮೊದಲು ತಗ್ಗಬೇಕಾದುದು ನಮ್ಮ ಆಡಂಬರ. ಚಾತುರ್ಮಾಸ್ಯದಲ್ಲಿ ಶಾಕ, ದಧಿ, ಕ್ಷೀರ, ದ್ವಿದಳಗಳನ್ನು ತಿಂಗಳಿಗೊಂದರಂತೆ ತ್ಯಜಿಸುವ ನಮಗೆ ಸಂಯಮವು ಹೊಸದೇನಲ್ಲ. ಆದರೆ ಒಂದು ಕಡೆ ಉಳಿಸಿದ ಹಣವು ಮತ್ತೊಂದು ವೈಭವಕ್ಕೆ ಹರಿದುಹೋದರೆ ಸಾಲ ತೀರುವುದೆಂತು? ಉಳಿದುದು ಎಷ್ಟೇ ಅಲ್ಪವಾಗಿರಲಿ, ಅದು ತಿಂಗಳು ತಿಂಗಳೂ ಅಸಲಿಗೆ ಸಲ್ಲಬೇಕು.

ಕೊಟ್ಟವರ ಹಣವನ್ನು ಹಿಂದಿರುಗಿಸದೆ ಹಚ್ಚುವ ನೂರು ದೀಪಗಳಿಗಿಂತ, ಋಣ ತೀರಿಸಿ ಬಂದು ಅರ್ಪಿಸುವ ಒಂದು ತುಲಸೀದಳವು ಶ್ರೀಹರಿಗೆ ಪ್ರಿಯವೆಂದು ನಾವು ತಿಳಿಯೋಣ.