ಬಣ್ಣದ ಏಕವಾಕ್ಯತೆ: ರೈಲುಬೋಗಿಗಳ ಮೀಮಾಂಸೆ

ಒಂದು ಜಂಕ್ಷನ್ನಿನಲ್ಲಿ ಸಂಜೆಯ ರೈಲಿಗೆ ಕಾಯುತ್ತಿದ್ದೆ. ಬಂತು. ಎಂಜಿನ್ನಿನ ಹಿಂದೆ ಎರಡು ನೀಲಿ ಬೋಗಿ, ಆಮೇಲೆ ಬಿಸ್ಕತ್ತು ಬಣ್ಣದವು ನಾಲ್ಕೋ ಐದೋ, ನಡುವೆ ಮತ್ತೊಂದು ನೀಲಿ, ಮತ್ತೆ ಬಿಸ್ಕತ್ತು. ಪಕ್ಕದಲ್ಲಿದ್ದ ಹಿರಿಯರು ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿ, “ಇದೇನ್ ಸ್ವಾಮಿ, ಶಾಮಿಯಾನದೋರು ತಂದ್ ಹಾಕಿರೋ ಕುರ್ಚಿ ಥರ ಇದೆಯಲ್ಲ” ಅಂದರು. ನಾನು ನಕ್ಕೆ. ಅವರು ನಗಲಿಲ್ಲ. ಜನರಲ್ ಬೋಗಿ ಯಾವ ತುದಿಗಿದೆ ಎಂದು ಕಣ್ಣು ಕಿರಿದು ಮಾಡಿಕೊಂಡು ಹುಡುಕುತ್ತಿದ್ದರು. ಅವರ ಮಾತಿಗೂ ಅವರ ಹುಡುಕಾಟಕ್ಕೂ ಸಂಬಂಧವಿದೆ ಎಂದು ಆಮೇಲೆ ಹೊಳೆಯಿತು. ಆ ಸಂಬಂಧವನ್ನು ಬಿಡಿಸಲು ನಮ್ಮ ಹಳೆಯ ಮೀಮಾಂಸಕರ ಕ್ರಮವನ್ನು ಎರವಲು ತಂದಿದ್ದೇನೆ. ಮೊದಲು ವಿಷಯ, ಆಮೇಲೆ ಸಂಶಯ. ಅವರಲ್ಲಿ ಸಿದ್ಧಾಂತಕ್ಕೆ ಮೊದಲೇ ಬರುವ ಪೂರ್ವಪಕ್ಷವನ್ನು, ಅಂದರೆ ಆಕ್ಷೇಪವನ್ನು, ನಾನು ಸಿದ್ಧಾಂತದ ಆಮೇಲೆ ಇಟ್ಟಿದ್ದೇನೆ. ಯಜ್ಞದ ವಿಧಿಗಳಿಗೆಂದು ಹುಟ್ಟಿದ ಕ್ರಮಕ್ಕೆ ರೈಲುಬೋಗಿಯ ಮೈಲಿಗೆ ತಗುಲಿಸುತ್ತಿದ್ದಾನೆ ಎಂದು ಬೇಸರಪಡುವವರು ಪಡಲಿ.

ವಿಷಯ

1955ರಲ್ಲಿ ಪೆರಂಬೂರಿನ ಐಸಿಎಫ್ ಕಾರ್ಖಾನೆ ಸ್ವಿಸ್ ನೆರವಿನೊಂದಿಗೆ ಬೋಗಿ ಕಟ್ಟಲು ಶುರುಮಾಡಿತು. ಆ ಬೋಗಿಯ ಆಕಾರ, ಅದರ ಮೇಲಿನ ಮರೂನ್ ಬಣ್ಣ ಎರಡೂ ದಶಕಗಟ್ಟಲೆ ದೇಶದ ಕಣ್ಣಿಗೆ ಒಗ್ಗಿಹೋಗಿ, ಮಕ್ಕಳು ರೈಲಿನ ಚಿತ್ರ ಬರೆದರೂ ಕೆಂಪು ಪೆನ್ಸಿಲನ್ನೇ ಎತ್ತಿಕೊಳ್ಳುವಂತಾಯಿತು. 1969ರಲ್ಲಿ ರಾಜಧಾನಿ, 1988ರಲ್ಲಿ ಶತಾಬ್ದಿ ಬೇರೆ ವೇಷದಲ್ಲಿ ಬಂದವು. ಅವು ಅಪವಾದಗಳು. ಉತ್ಸರ್ಗ, ಅಂದರೆ ಸಾಮಾನ್ಯ ನಿಯಮ, ಮರೂನೇ.

1990ರ ದಶಕದಲ್ಲಿ ನೀಲಿ ಬಂತು. ಅದು ಬಂದ ಕಾರಣ ನನಗೆ ಬಹಳ ಪ್ರಿಯ. ಹಳೆಯ ಬೋಗಿಗಳಲ್ಲಿದ್ದದ್ದು ವ್ಯಾಕ್ಯೂಮ್ ಬ್ರೇಕ್. ರೈಲಿನುದ್ದಕ್ಕೂ ಹಾದುಹೋಗುವ ಪೈಪಿನಿಂದ ಗಾಳಿಯನ್ನು ಹೀರಿ ತೆಗೆದಿರುತ್ತಾರೆ, ಒಳಗೆ ಗಾಳಿ ಬಿಟ್ಟರೆ ಬ್ರೇಕ್ ಹಿಡಿಯುತ್ತದೆ. ಹೊಸದು ಏರ್ ಬ್ರೇಕ್. ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡದ ಗಾಳಿ ತುಂಬಿರುತ್ತದೆ, ಒತ್ತಡ ಇಳಿದರೆ ಬ್ರೇಕ್ ಹಿಡಿಯುತ್ತದೆ. ಒಂದರ ಸ್ವಭಾವ ಇನ್ನೊಂದರ ತಲೆಕೆಳಗು. ಎರಡನ್ನೂ ಕೂಡಿಸಿ ಒಂದು ರೈಲು ಮಾಡಿ ಓಡಿಸುವಂತಿಲ್ಲ. ಏರ್ ಬ್ರೇಕಿನ ಬೋಗಿಗೆ ನೀಲಿ ಬಳಿದದ್ದರಿಂದ, ಯಾರ್ಡಿನಲ್ಲಿ ಶಂಟಿಂಗ್ ಮಾಡುವವನು ಬಗ್ಗಿ ಪೈಪು ನೋಡುವುದಕ್ಕೆ ಮೊದಲೇ, ಫರ್ಲಾಂಗು ದೂರದಿಂದಲೇ, ಯಾವುದು ಯಾವುದರ ಜೊತೆ ಸೇರದು ಎಂದು ಕಂಡುಕೊಳ್ಳುತ್ತಿದ್ದ. ಅಲ್ಲಿ ಬಣ್ಣ ಮಾತಾಡುತ್ತಿತ್ತು.

ಆಮೇಲೆ ಬಂದದ್ದು ಬಣ್ಣಗಳ ಸುಗ್ಗಿ. 2006ರಲ್ಲಿ ಗರೀಬ್ ರಥದ ಹಸಿರು, 2009ರಲ್ಲಿ ದುರಂತೋದ ಹಳದಿ-ಹಸಿರು, 2016ರಲ್ಲಿ ಹಮ್‌ಸಫರ್, 2017ರಲ್ಲಿ ತೇಜಸ್. 2018ರಲ್ಲಿ ‘ಉತ್ಕೃಷ್ಟ’ ಯೋಜನೆಯಡಿ ಹಳೆಯ ನೀಲಿ ಬೋಗಿಗಳ ಮೇಲೆ ಬಿಸ್ಕತ್ತು ಮತ್ತು ಕಂದು. 2019ರಲ್ಲಿ ವಂದೇ ಭಾರತ್ ಬಿಳಿ-ನೀಲಿ, 2023ರ ಸೆಪ್ಟೆಂಬರಿನಲ್ಲಿ ಕಾಸರಗೋಡಿನಿಂದ ಹೊರಟ ವಂದೇ ಭಾರತ್ ಕೇಸರಿ-ಬೂದು. ಇವುಗಳ ನಡುವೆ, ಜರ್ಮನ್ ವಿನ್ಯಾಸದ ಎಲ್‌ಎಚ್‌ಬಿ ಬೋಗಿಗಳ ಕೆಂಪು ಸದ್ದಿಲ್ಲದೆ ದೇಶದ ತುಂಬ ಹರಡಿತು.

ಸಂಶಯ

ಬೋಗಿಯ ಬಣ್ಣ ಅಲಂಕಾರವೋ, ಅರ್ಥವೋ? ಅಲಂಕಾರವಾದರೆ ಹೊಂದಿದರೂ ಸರಿ, ಹೊಂದದಿದ್ದರೂ ಸರಿ, ರುಚಿಯ ಮಾತು. ಅರ್ಥವಾದರೆ ಹೊಂದದಿರುವುದು ತಪ್ಪು, ಕಾಗುಣಿತ ತಪ್ಪಿದ ಹಾಗೆ.

ಸಿದ್ಧಾಂತ

ಕಣ್ಣಿಗೆ ಕಾಣುವ ಪ್ರಯೋಜನ ಸಿಗುತ್ತಿರುವಾಗ ಕಾಣದ ಪ್ರಯೋಜನವನ್ನು ಕಲ್ಪಿಸಬಾರದು ಎಂಬುದು ಮೀಮಾಂಸಕರ ಒಂದು ನಿಲುವು. ಭತ್ತ ಕುಟ್ಟುವುದು ಹೊಟ್ಟು ಹೋಗಲೆಂದೇ ಆಗಿರುವಾಗ ಅದಕ್ಕೆ ಪುಣ್ಯವನ್ನು ಅಂಟಿಸುವುದೇಕೆ? ಬೋಗಿಯ ಬಣ್ಣಕ್ಕೂ ಈ ನಿಲುವು ಹೊಂದುತ್ತದೆ. ‘ಹೊಸ ಭಾರತದ ಚೈತನ್ಯ’, ‘ವೇಗದ ಭಾವನೆ’ ಎಂದೆಲ್ಲ ಉದ್ಘಾಟನೆಯ ದಿನ ಕೇಳುವುದು ಅದೃಷ್ಟಫಲ, ಅದನ್ನು ಕಂಡವರಿಲ್ಲ. ದೃಷ್ಟಫಲ ಎರಡು. ಬೋಗಿಯನ್ನು ಯಾವುದಕ್ಕೆ ಜೋಡಿಸಬಹುದು ಎಂದು ಯಾರ್ಡಿನವನಿಗೆ ತಿಳಿಯಬೇಕು. ಯಾವುದಕ್ಕೆ ಹತ್ತಬೇಕು ಎಂದು ಪ್ರಯಾಣಿಕನಿಗೆ ತಿಳಿಯಬೇಕು.

ಇನ್ನು ಏಕವಾಕ್ಯತೆ. ಬಿಡಿಸಿದರೆ ಒಂದನ್ನೊಂದು ಬಯಸುವ, ಕೂಡಿದರೆ ಒಂದೇ ಅರ್ಥ ಕೊಡುವ ಪದಗಳ ಗುಂಪು ವಾಕ್ಯ. ರೈಲಿನ ರೇಕ್ ಅಂಥದ್ದೇ. ಬೋಗಿಗಳು ಪದಗಳು, ರೇಕ್ ವಾಕ್ಯ. ಒಂದು ವಾಕ್ಯದೊಳಗೆ ಒಂದೇ ಪದಕ್ಕೆ ಎರಡು ಅರ್ಥ ಮಾಡಬಾರದು. ಎರಡು ವಾಕ್ಯಗಳು ಬೇರೆ ಬೇರೆ ವಿಷಯ ಹೇಳಿದರೆ ಅಡ್ಡಿಯಿಲ್ಲ. ಹಾಗಾಗಿ ನನ್ನ ಪಕ್ಷ ಹೀಗೆ: ಮೈಬಣ್ಣ ಬೋಗಿಯ ತಾಂತ್ರಿಕ ಬಗೆಯನ್ನು ಹೇಳಲಿ, ರೈಲಿಗೆ ಇಟ್ಟ ಹೆಸರನ್ನಲ್ಲ. ಜನರಲ್, ಮಹಿಳೆ, ಅಂಗವಿಕಲರ ಬೋಗಿಗಳ ಗುರುತು, ಮೈಬಣ್ಣ ಯಾವುದೇ ಇರಲಿ, ದೇಶದ ತುಂಬ ಒಂದೇ ಇರಲಿ.

ಮೊದಲ ಭಾಗಕ್ಕೆ ಎಲ್‌ಎಚ್‌ಬಿಯೇ ಸಾಕ್ಷಿ. ಐಸಿಎಫ್ ಬೋಗಿಯ ತುದಿಯಲ್ಲಿ ಎರಡು ಬಫರ್, ನಡುವೆ ತಿರುಪಿನ ಕಪ್ಲಿಂಗ್. ಎಲ್‌ಎಚ್‌ಬಿಯಲ್ಲಿ ಬಫರಿಲ್ಲ, ನಡುವೆ ಮುಷ್ಟಿ ಹಿಡಿದಂಥ ದಪ್ಪ ಕಪ್ಲರ್ ಒಂದೇ. ಉದ್ದವೂ ಸುಮಾರು 2 ಮೀಟರ್ ಹೆಚ್ಚು. ಇವೆರಡು ಸಹಜವಾಗಿ ಕೂಡುವ ಜಾತಿಯಲ್ಲ. ನೀಲಿ ಐಸಿಎಫ್, ಕೆಂಪು ಎಲ್‌ಎಚ್‌ಬಿ ಎಂಬ ಭೇದ ಉಳಿದಿರುವ ಕಡೆ, ಅಂದಿನ ಬ್ರೇಕಿನ ಭೇದದ ಹಾಗೆ, ಬಣ್ಣ ಮತ್ತೆ ನಿಜವನ್ನೇ ಹೇಳುತ್ತಿದೆ. ಹಮ್‌ಸಫರಿನ ವೇಷ ತೊಟ್ಟ ಎಲ್‌ಎಚ್‌ಬಿಯೂ ತೇಜಸಿನ ವೇಷ ತೊಟ್ಟ ಎಲ್‌ಎಚ್‌ಬಿಯೂ ಚಕ್ರದಿಂದ ಕಪ್ಲರಿನವರೆಗೆ ಬಂಧುಗಳು. ಬಣ್ಣ ಮಾತ್ರ ಅವು ಅಪರಿಚಿತರೆಂದು ಸಾಧಿಸುತ್ತದೆ.

ಎರಡನೆಯ ಭಾಗಕ್ಕೆ ಮುಂಬೈ ಲೋಕಲ್ ನೋಡಬೇಕು. ಕಂದು-ಹಳದಿ ಹೋಯಿತು, ನೇರಳೆ-ಬಿಳಿ ಬಂತು, ಇನ್ನೇನೇನೋ ಬಂದವು. ಫಸ್ಟ್ ಕ್ಲಾಸ್ ಡಬ್ಬಿಯ ಕೆಂಪು-ಹಳದಿ ಓರೆ ಪಟ್ಟೆ ಮಾತ್ರ ಕದಲಲಿಲ್ಲ. ಇಪ್ಪತ್ತು ಸೆಕೆಂಡು ನಿಲ್ಲುವ ಗಾಡಿಗೆ ಹತ್ತುವವನಿಗೆ ಓದಲು ಪುರುಸೊತ್ತಿಲ್ಲ, ಪಟ್ಟೆ ಕಂಡರೆ ಕಾಲು ತಾನೇ ನಡೆಯುತ್ತದೆ.

ಆಕ್ಷೇಪಗಳು

“ಸೀಟೇ ಸಿಗದವನಿಗೆ ಬಣ್ಣದ ಮಾತೇಕೆ? ಆ ದುಡ್ಡಿನಲ್ಲಿ ಇನ್ನೊಂದು ಬೋಗಿ ಹಾಕಿ.” ಇದು ಮೊದಲ ಪೂರ್ವಪಕ್ಷ, ಗಟ್ಟಿಯಾದದ್ದೂ ಹೌದು. ಆದರೆ ಬಣ್ಣ ಬಳಿಯುವ ಖರ್ಚು ಹೇಗೂ ಇದೆ. ಉಕ್ಕಿನ ಐಸಿಎಫ್ ಬೋಗಿ ನಿಗದಿತ ಅವಧಿಗೊಮ್ಮೆ ಮೈಸೂರಿನದೋ ಹುಬ್ಬಳ್ಳಿಯದೋ ವರ್ಕ್‌ಶಾಪಿಗೆ ಹೋಗಿ ಮೈ ಕೆರೆಸಿಕೊಂಡು, ತುಕ್ಕಿಗೆ ಮದ್ದು ಮಾಡಿಸಿಕೊಂಡು, ಬಣ್ಣ ಬಳಿಸಿಕೊಂಡೇ ಹೊರಬರುತ್ತದೆ. ಬಳಿಯಬೇಕೋ ಬೇಡವೋ ಎಂಬುದು ಅಲ್ಲಿ ಪ್ರಶ್ನೆಯಲ್ಲ. ಅದೇ ಡಬ್ಬದಲ್ಲಿ ಯಾವ ಬಣ್ಣ ಎಂಬುದಷ್ಟೇ ಪ್ರಶ್ನೆ. ಬಿಸ್ಕತ್ತು ಬಣ್ಣ ಬಂದ ಹೊಸತರಲ್ಲಿ ಒಂದು ಬೋಗಿಯ ಬಾಗಿಲ ಹಿಡಿಯ ಹತ್ತಿರ ನೋಡಿದ್ದೆ. ಸಾವಿರ ಅಂಗೈ ಉಜ್ಜಿ ಬಿಸ್ಕತ್ತು ಬಣ್ಣ ಸವೆದು, ಅದರಡಿಯಿಂದ ನೀಲಿ ಇಣುಕುತ್ತಿತ್ತು, ನೀಲಿಯಡಿಯಲ್ಲಿ ಪ್ರೈಮರಿನ ಬೂದು. ಪಕ್ಕದಲ್ಲಿ ಐದಂಕಿಯ ಸಂಖ್ಯೆ. ಅದರ ಮೊದಲ ಎರಡು ಅಂಕಿ ಬೋಗಿ ತಯಾರಾದ ವರ್ಷ. ಬೋಗಿಗೆ ವಯಸ್ಸಾಗಿತ್ತು, ಬಣ್ಣಕ್ಕೆ ಮಾತ್ರ ಎಳೆ ಪ್ರಾಯ.

ಪೂರ್ವಪಕ್ಷಿ ಇಲ್ಲಿ ಮೇಲೆ ಬೀಳುತ್ತಾನೆ: “ಎಲ್‌ಎಚ್‌ಬಿ ಸ್ಟೇನ್‌ಲೆಸ್ ಸ್ಟೀಲಿನದು. ಅದಕ್ಕೆ ತುಕ್ಕಿನ ಭಯ ಬಹಳ ಕಡಿಮೆ. ನಿನ್ನ ವಾದ ಅಲ್ಲಿಗೆ ಬಿತ್ತು.” ಬೀಳಲಿಲ್ಲ, ಬಲವಾಯಿತು. ಸ್ಟೇನ್‌ಲೆಸ್ ಸ್ಟೀಲಿನ ಗಾಡಿ ಬರಿಮೈಯಲ್ಲಿ ಓಡಬಲ್ಲದು. ಟೋಕಿಯೊದ ಯಾಮಾನೋತೆ ಮಾರ್ಗದಲ್ಲಿ ಒಂದು ಕಾಲಕ್ಕೆ ಇಡೀ ರೈಲಿಗೆ ಎಳೆಹಸಿರು ಬಳಿಯುತ್ತಿದ್ದರು. 1985ರಲ್ಲಿ ಸ್ಟೀಲಿನ ಗಾಡಿ ಬಂದಾಗ ಹಸಿರು ಒಂದು ಪಟ್ಟಿಯಾಗಿ ಕುಗ್ಗಿತು. ರಕ್ಷಣೆಯ ಕೆಲಸ ಹೋದ ಮೇಲೂ ಉಳಿದದ್ದು ಅರ್ಥ, ಅದಕ್ಕೆ ಬೇಕಾದದ್ದು ಒಂದು ಪಟ್ಟಿ ಮಾತ್ರ. ಬೆಂಗಳೂರಿನವರೂ ಮೆಟ್ರೊದ ನೇರಳೆ ಮಾರ್ಗ, ಹಸಿರು ಮಾರ್ಗ ಎಂದೇ ಊರಿನ ದಿಕ್ಕು ಹೇಳುವುದನ್ನು ಕಲಿತಿದ್ದಾರೆ.

ಎರಡನೆಯದು ರೈಲ್ವೆಯೊಳಗಿನವರ ಆಕ್ಷೇಪ. “ಬೋಗಿ ಕೆಟ್ಟು ‘ಸಿಕ್’ ಆಗುತ್ತದೆ. ಸಿಕ್ ಲೈನಿಗೆ ತಳ್ಳಿ, ಸಿಕ್ಕ ಸ್ಪೇರ್ ಜೋಡಿಸಿ ಗಾಡಿ ಹೊರಡಿಸಬೇಕು. ಬಣ್ಣ ನೋಡುತ್ತ ಕೂತರೆ ಗಾಡಿ ಲೇಟು.” ಒಪ್ಪಿದೆ. ಗಾಲಿಯ ಸುರಕ್ಷತೆ ಪ್ರಧಾನ, ಬಣ್ಣ ಅದರ ಅಂಗ. ಅಂಗಕ್ಕಾಗಿ ಪ್ರಧಾನವನ್ನು ಯಾರೂ ಬಲಿಗೊಡುವುದಿಲ್ಲ. ಆದರೆ ಸ್ಪೇರ್ ಹೊಂದದಿರುವುದಕ್ಕೆ ಕಾರಣ ಸಿಕ್ ಲೈನಲ್ಲ, ಹೆಸರಿಗೊಂದು ಬಣ್ಣ ಕಟ್ಟಿದ್ದು. ಹತ್ತು ಹೆಸರಿಗೆ ಹತ್ತು ಬಣ್ಣವಾದರೆ ಸ್ಪೇರ್ ಬೋಗಿಯನ್ನೂ ಹತ್ತು ಬಗೆಯಲ್ಲಿ ಇಟ್ಟುಕೊಳ್ಳಬೇಕು. ಬಗೆಗೊಂದೇ ಬಣ್ಣವಾದರೆ ಯಾವ ಸ್ಪೇರ್ ಸಿಕ್ಕರೂ ಹೊಂದುತ್ತದೆ. ಇಂಗ್ಲೆಂಡಿನವರು ಇದನ್ನು ನಮಗಿಂತ ಮೊದಲೇ ಅನುಭವಿಸಿದ್ದಾರೆ. ರಾಷ್ಟ್ರೀಕರಣದ ನಂತರ ಬ್ರಿಟಿಷ್ ರೈಲ್ವೆ ಬೋಗಿಗಳಿಗೆ ಕಡುಗೆಂಪು ಮತ್ತು ಕೆನೆಬಣ್ಣ ಹಚ್ಚಿತು, ಜನ ಅದಕ್ಕೆ ‘ರಕ್ತ ಮತ್ತು ಕಸ್ಟರ್ಡ್’ ಎಂದು ಅಡ್ಡಹೆಸರಿಟ್ಟರು. 1956ರಲ್ಲಿ ಪ್ರಾಂತ್ಯಗಳಿಗೆ ಸ್ವಲ್ಪ ಸ್ವಾತಂತ್ರ್ಯ ಸಿಕ್ಕಿತು, ಪಶ್ಚಿಮ ಪ್ರಾಂತ್ಯ ತನ್ನ ಹೆಸರುವಾಸಿ ರೈಲುಗಳಿಗೆ ಹಳೆಯ ಚಾಕೊಲೇಟ್-ಕೆನೆ ವೇಷವನ್ನು ಮರಳಿ ತಂದಿತು. ಬೋಗಿಗಳು ದೇಶಾಂತರ ಅಲೆಯುವ ಪ್ರಾಣಿಗಳು. ಕ್ರಮೇಣ ಚಾಕೊಲೇಟ್ ಸಾಲಿನ ನಡುವೆ ಬೇರೆ ಪ್ರಾಂತ್ಯಗಳ ಮರೂನ್ ನುಸುಳಿತು. 1965ರಲ್ಲಿ ಎಲ್ಲವನ್ನೂ ಅಳಿಸಿ ನೀಲಿ ಮತ್ತು ಬೂದು ತಂದರು.

ಆ ನೀಲಿಯಿಂದಲೇ ಮೂರನೆಯ ಆಕ್ಷೇಪ ಹುಟ್ಟುತ್ತದೆ: “ಒಂದೇ ಬಣ್ಣವೆಂದರೆ ಬೇಸರ. ವೈವಿಧ್ಯ ಬೇಡವೇ?” ಬೇಕು. ನೀಲಗಿರಿಯ ಪುಟ್ಟ ರೈಲು ನೀಲಿ ಮತ್ತು ಕೆನೆಬಣ್ಣದಲ್ಲಿ ಬೆಟ್ಟ ಹತ್ತದೆ ಎಲ್‌ಎಚ್‌ಬಿಯ ಕೆಂಪಿನಲ್ಲಿ ಹತ್ತಿದರೆ ನನಗೂ ಹೊಟ್ಟೆ ಉರಿದೀತು. ನಮ್ಮ ಗೋಲ್ಡನ್ ಚಾರಿಯಟ್ ನೇರಳೆ-ಬಂಗಾರದಲ್ಲಿರುವುದೇ ಚಂದ. 1930ರಿಂದ ಓಡುತ್ತಿರುವ ಡೆಕ್ಕನ್ ಕ್ವೀನ್‌ಗೂ ತನ್ನದೇ ವೇಷದ ಹಕ್ಕಿದೆ. ಇವು ಬೇರೆ ಯಾರಿಗೂ ಬೋಗಿ ಸಾಲ ಕೊಡುವುದಿಲ್ಲ, ಅಪರೂಪಕ್ಕೆ ಸಾಲ ಪಡೆದಾವು. ಬಿಡಿಯಾಗಿ ನಿಂತ ವಾಕ್ಯಕ್ಕೆ ಯಾವ ಅಲಂಕಾರವೂ ಒಪ್ಪುತ್ತದೆ. ವಂದೇ ಭಾರತ್ ಕೂಡ ಹಾಗೆಯೇ. ಬೋಗಿ ಬಿಡಿಸಿ ಜೋಡಿಸುವ ರೂಢಿಯೇ ಅಲ್ಲಿಲ್ಲದ್ದರಿಂದ, ಬಿಳಿಯೋ ಕೇಸರಿಯೋ, ಒಂದು ಗಾಡಿಯೊಳಗೆ ಅದಕ್ಕೆ ಏಕವಾಕ್ಯತೆ ಹುಟ್ಟಿನಿಂದಲೇ ಬಂದಿದೆ. ಕೇಸರಿ ರಾಜಕೀಯವಲ್ಲವೇ ಎಂದು ಕೇಳುವವರಿದ್ದಾರೆ. ರಾಷ್ಟ್ರಧ್ವಜದ ಸ್ಫೂರ್ತಿ ಎಂದರು ಮಂತ್ರಿಗಳು, ದೂರದಿಂದ ಚೆನ್ನಾಗಿ ಕಾಣುವ ಬಣ್ಣ ಎಂಬ ಕಾರಣವೂ ಬಂತು. ಎರಡನೆಯದು ದೃಷ್ಟಫಲ, ಅದನ್ನು ಒಪ್ಪಿ ಮುಂದೆ ಹೋಗುತ್ತೇನೆ. ಬಿಳಿ ಬಟ್ಟೆ ತೊಟ್ಟು ಬಯಲುಸೀಮೆಯ ಧೂಳಿನಲ್ಲಿ ಓಡಾಡಿದವರಿಗೆ ಇನ್ನೊಂದು ಕಾರಣ ತಾನಾಗಿಯೇ ಹೊಳೆದೀತು.

ನಾಲ್ಕನೆಯ ಆಕ್ಷೇಪ ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸಿತು. “ಕೆಂಪು-ಹಸಿರು ಭೇದ ಕಾಣದ ಕಣ್ಣಿನವರಿಗೆ ನಿನ್ನ ಬಣ್ಣದ ವ್ಯಾಕರಣದಿಂದ ಏನು ಉಪಯೋಗ?” ಲೋಕೋ ಪೈಲಟನ ಕಣ್ಣನ್ನು ಪರೀಕ್ಷಿಸಿಯೇ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಪ್ರಯಾಣಿಕನಿಗೆ ಟಿಕೆಟ್ ಕೊಡುವಾಗ ಯಾರೂ ಪರೀಕ್ಷಿಸುವುದಿಲ್ಲ. ಇಲ್ಲಿ ಸಿದ್ಧಾಂತವನ್ನು ತಿದ್ದಿಕೊಂಡಿದ್ದೇನೆ. ಪ್ರಯಾಣಿಕನಿಗೆ ಹೇಳುವ ಗುರುತು ಬಣ್ಣವೊಂದನ್ನೇ ನಂಬಬಾರದು, ಆಕಾರವೂ ಬೇಕು. ನೀಲಿ ಜನರಲ್ ಬೋಗಿಯ ತುದಿಯಲ್ಲಿ ಮೇಲುಗಡೆ ಎಳೆದ ತಿಳಿಬಣ್ಣದ ಓರೆ ಪಟ್ಟೆಗಳನ್ನು ನೆನಪಿಸಿಕೊಳ್ಳಿ. ಬಣ್ಣ ಕಾಣದವನಿಗೆ ಓರೆ ಕಾಣುತ್ತದೆ, ಅಕ್ಷರ ಬಾರದವನಿಗೆ ಎರಡೂ ಕಾಣುತ್ತವೆ. ಹುಬ್ಬಳ್ಳಿಯ 1507 ಮೀಟರಿನ ಪ್ಲಾಟ್‌ಫಾರಂನಲ್ಲಿ ಗಂಟು-ಮೂಟೆ ಹೊತ್ತು ನಿಂತವರಿಗೆ, ಬೋರ್ಡು ಓದುವಷ್ಟು ಹತ್ತಿರ ಹೋದ ಮೇಲೆ ಇದಲ್ಲ ಅದು ಎಂದು ಗೊತ್ತಾದರೆ, ವಾಪಸು ಓಡಬೇಕಾದ ದೂರ ಸಣ್ಣದಲ್ಲ.

ಉಳಿದದ್ದು ಎಂಜಿನ್. ಅದು ವಾಕ್ಯದ ಒಳಗೋ ಹೊರಗೋ? ಮೀಮಾಂಸಕರಿಗೆ ಕ್ರಿಯಾಪದವೇ ವಾಕ್ಯದ ಜೀವ, ಎಂಜಿನ್ನೇ ರೈಲಿನ ಕ್ರಿಯಾಪದ. ಆ ಲೆಕ್ಕದಲ್ಲಿ ಎಂಜಿನ್ನಿಗೂ ಬೋಗಿಯ ಬಣ್ಣವೇ ಬೇಕು. ಆದರೆ ಅದು ಶೆಡ್ಡಿನ ಸೊತ್ತು. ಇಂದು ಈ ಗಾಡಿಯನ್ನು ಎಳೆದು ನಾಳೆ ಇನ್ನೊಂದಕ್ಕೆ ಹೋಗುತ್ತದೆ, ದಾರಿಯ ನಡುವೆಯೇ ಬದಲಾಗುವುದೂ ಉಂಟು. ನಾನು ಅದನ್ನು ಎರವಲು ಕ್ರಿಯಾಪದ ಎಂದು ಕರೆದು, ಶೆಡ್ಡಿನವರು ತಮಗೆ ಇಷ್ಟಬಂದ ಪಟ್ಟೆ ಎಳೆದುಕೊಳ್ಳಲಿ ಎಂದು ಬಿಟ್ಟಿದ್ದೆ. 2023ರ ಡಿಸೆಂಬರ್ 30ರಂದು ಮಾಲ್ಡಾದಿಂದ ಬೆಂಗಳೂರಿಗೆ ಅಮೃತ್ ಭಾರತ್ ಹೊರಟಿತು. ಕೇಸರಿ-ಬೂದು ಬೋಗಿಗಳು, ಅದೇ ಬಣ್ಣದ ಎಂಜಿನ್ನು, ಅದೂ ಮುಂದೊಂದು, ಹಿಂದೊಂದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ರೈಲಿನಲ್ಲಿ ಮೊದಲಿಗೆ. ಎರಡೂ ತುದಿಗೆ ಕ್ರಿಯಾಪದವಿರುವ ವಾಕ್ಯಕ್ಕೆ ಯಾವ ನಿಯಮ ಹಚ್ಚಬೇಕೆಂದು ನಾನಿನ್ನೂ ತಡಕಾಡುತ್ತಿದ್ದೇನೆ.