ನೆಲ ನೋಡುವ ಚಿತ್ರ

ಬೆಂಗಳೂರಿನಲ್ಲಿ ನಮ್ಮಣ್ಣನ ಮನೆಗೆ ಹೋದರೆ ನನಗೆ ಮಲಗಲು ಕೊಡುವ ಕೋಣೆಯ ಬಾಗಿಲ ಹಿಂದೆ ಒಂದು ಮುರಿದ ಸ್ಕೇಟ್‌ಬೋರ್ಡ್ ಹಲಗೆ ನಿಂತಿರುತ್ತದೆ. ಚಕ್ರ, ನಟ್ಟು, ಬೋಲ್ಟು ಎಲ್ಲ ಬಿಚ್ಚಿಯಾಗಿದೆ. ನಡುವಿಗೆ ಸರಿಯಾಗಿ ಮುರಿದ ಎರಡು ತುಂಡುಗಳು ನಾಲ್ಕು ಎಳೆ ಮರದ ಆಸರೆಯಲ್ಲಿ ಇನ್ನೂ ಒಟ್ಟಿಗಿವೆ. ಎಸೆದುಬಿಡಲು ಅತ್ತಿಗೆಗೆ ಆಸೆ, ಮಗ ಬಿಡುವುದಿಲ್ಲ. ಮಳೆ ಹಿಡಿದು ಎಲ್ಲೂ ಹೋಗಲಾಗದ ಒಂದು ಸಂಜೆ, ತಂದ ಪುಸ್ತಕವೂ ಮುಗಿದಿತ್ತು, ಅದನ್ನೇ ಎತ್ತಿ ತೊಡೆಯ ಮೇಲಿಟ್ಟುಕೊಂಡೆ.

ಮುರಿದ ಅಂಚಿನಲ್ಲಿ ಪದರು ಪದರಾಗಿ ಬಣ್ಣ. ಒಂದು ಹಾಲುಬಿಳಿ, ಒಂದು ಗುಲಾಬಿ, ಒಂದು ಹಸಿರು, ಮತ್ತೆ ಬಿಳಿ. ಮದುವೆಮನೆಯ ಚಿರೋಟಿಯನ್ನು ಅಡ್ಡಕ್ಕೆ ಮುರಿದ ಹಾಗೆ. ಎಣಿಸಿದರೆ ಏಳು. ಮೇಲ್ಮೈಗೆ ಕಪ್ಪು ಸ್ಯಾಂಡ್‌ಪೇಪರಿನಂಥದ್ದು ಅಂಟಿಸಿದ್ದಾರೆ, ಕಾಲು ಜಾರದಿರಲಿ ಎಂದು. ತಿರುಗಿಸಿದರೆ ಕೆಳಮೈಯಲ್ಲಿ ಚಿತ್ರ. ಚಿತ್ರ ಇತ್ತು ಎನ್ನಬೇಕು. ಒಂದು ತುದಿಯಲ್ಲಿ ಯಾವುದೋ ಹಕ್ಕಿಯ ಕಣ್ಣು, ಇನ್ನೊಂದು ತುದಿಯಲ್ಲಿ ರೆಕ್ಕೆಯ ಮೂರು ಗರಿ, ನಡುವೆ ಉಜ್ಜಿ ಉಜ್ಜಿ ಬೋಳಾದ ಮರ.

"ಇಷ್ಟು ಚೆನ್ನಾಗಿರೋ ಚಿತ್ರಾನ ಕೆಳಗಡೆ ಯಾಕೋ ಹಾಕ್ತಾರೆ?" ಎಂದೆ.

"ಮೇಲೆ ಕಾಲಿಡ್ತೀವಲ್ಲ ಅತ್ತೆ."

"ಕೆಳಗಾದ್ರೆ ಇನ್ನೂ ಬೇಗ ಅಳಿಸಿ ಹೋಗಲ್ವೇನೋ?"

"ಹೋಗ್ಲಿ ಅಂತಾನೇ ಅಲ್ವಾ," ಅಂದ, ಮೊಬೈಲಿನಿಂದ ತಲೆಯೆತ್ತದೆ.

ಆ ಮಾತು ನನ್ನನ್ನು ಹಿಡಿದುಕೊಂಡಿತು. ಅದರ ಬೆನ್ನು ಹತ್ತಿ ಹೋದವಳು ಅಮೆರಿಕ, ಕೆನಡಾಗಳ ನಡುವಿನ ಮಹಾ ಸರೋವರಗಳ ಸುತ್ತಲಿನ ಕಾಡಿಗೆ ಹೋಗಿ ನಿಂತೆ, ಓದಿನಲ್ಲೇ.

ಒಳ್ಳೆಯ ಹಲಗೆಗೆ ಬಳಸುವುದು ಅಲ್ಲಿನ ಸಕ್ಕರೆ ಮೇಪಲ್ ಮರವನ್ನು. ಚಳಿಗಾಲ ಮುಗಿಯುವ ಹೊತ್ತಿಗೆ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ, ಕಾಂಡಕ್ಕೆ ತೂತು ಕೊರೆದರೆ ಅದರಿಂದ ಸಿಹಿನೀರು ತೊಟ್ಟಿಕ್ಕುತ್ತದೆ. ಸುಮಾರು 40 ಲೀಟರ್ ಕಾಯಿಸಿದರೆ ಒಂದು ಲೀಟರ್ ಪಾಕ. ಆ ಚಳಿಯೇ ಮರವನ್ನು ಗಟ್ಟಿ ಮಾಡುವುದು ಕೂಡ. ಬೇಸಿಗೆ ಚಿಕ್ಕದು, ಮರ ಅವಸರದಿಂದ ಬೆಳೆಯಲಾರದು. ವರ್ಷಕ್ಕೊಂದು ಸಣ್ಣ ಉಂಗುರ, ಅಷ್ಟೆ. ಬಾಸ್ಕೆಟ್‌ಬಾಲ್ ಅಂಕಣಕ್ಕೂ ಬೌಲಿಂಗ್ ಆಟದ ನೆಲಕ್ಕೂ ಹಾಸುವುದು ಇದೇ ಮರ. ಏಟು ತಿಂದೂ ತಿಂದೂ ಬಗ್ಗದ ಜಾತಿ.

ಇಂಥ ಮರದ ದಿಮ್ಮಿಯನ್ನು ಬಿಸಿನೀರಿನಲ್ಲೋ ಹಬೆಯಲ್ಲೋ ಮೆತ್ತಗಾಗಿಸಿ, ದೊಡ್ಡ ಲೇತಿಗೆ ಕಚ್ಚಿಸಿ ತಿರುಗಿಸುತ್ತಾರೆ. ಉದ್ದಕ್ಕೆ ಒಂದು ಕತ್ತಿ ಒತ್ತಿ ನಿಂತಿರುತ್ತದೆ. ದಿಮ್ಮಿ ಸುತ್ತುತ್ತ ಸುತ್ತುತ್ತ ಬಿಚ್ಚಿಕೊಳ್ಳುತ್ತದೆ, ಬಟ್ಟೆ ಅಂಗಡಿಯವನು ಥಾನು ಉರುಳಿಸಿದ ಹಾಗೆ. ಬರುವ ಹಾಳೆಯ ದಪ್ಪ ಸುಮಾರು ಒಂದೂವರೆ ಮಿಲಿಮೀಟರ್. ನಿಧಾನಕ್ಕೆ ಬೆಳೆದ ಮೇಪಲ್ಲಿನ ಉಂಗುರವೂ ಹೆಚ್ಚುಕಡಿಮೆ ಅಷ್ಟೇ ಅಗಲ. ಅಂದರೆ ಹಲಗೆಯ ಒಂದೊಂದು ಪದರದ ದಪ್ಪದಲ್ಲಿ ಮರ ಕಂಡ ಒಂದೆರಡು ಬೇಸಿಗೆ, ಒಂದೆರಡು ಹಿಮಗಾಲ ಇದೆ. ಏಳು ಪದರಗಳು ಒಂದೇ ಮರದವೂ ಅಲ್ಲ. ಕಾಡಿನಲ್ಲಿ ಒಂದನ್ನೊಂದು ನೋಡದ ಮರಗಳು ಹುಡುಗನೊಬ್ಬನ ಕಾಲಡಿಯಲ್ಲಿ ಬಂದು ಕೂಡಿಕೊಂಡಿರುತ್ತವೆ.

ಮರ ಉದ್ದಕ್ಕೆ ಗಟ್ಟಿ, ಅಡ್ಡಕ್ಕೆ ಸೀಳುವ ಗುಣದ್ದು. ಸೌದೆ ಒಡೆದವರಿಗೆ ಇದನ್ನು ಹೇಳಬೇಕಿಲ್ಲ. ಅದಕ್ಕೇ ಏಳರಲ್ಲಿ ಐದು ಹಾಳೆಗಳ ಎಳೆ ಉದ್ದಕ್ಕೆ, ಎರಡರ ಎಳೆ ಅಡ್ಡಕ್ಕೆ. ನಡುವಿನ ಪದರದಿಂದ ಮೇಲಕ್ಕೂ ಕೆಳಕ್ಕೂ ಲೆಕ್ಕ ಸಮನಾಗಿರಬೇಕು, ಇಲ್ಲದಿದ್ದರೆ ತೇವ ಕುಡಿದಾಗ ಹಲಗೆ ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ಹಾಗಾಗಿ ಬೆಸ ಸಂಖ್ಯೆ.

ಇನ್ನು ಬಾಗಿಸುವ ಕೆಲಸ. ನನಗೆ ಇಡೀ ಕಥೆಯಲ್ಲಿ ಅತ್ಯಂತ ಸೋಜಿಗವೆನಿಸಿದ್ದು ಇದು. ಹಲಗೆ ದೂರಕ್ಕೆ ಚಪ್ಪಟೆ ಕಾಣುತ್ತದೆ, ಆದರೆ ಎರಡೂ ತುದಿ ಮೇಲೆದ್ದಿವೆ, ಅಗಲಕ್ಕೆ ನಡುವೆ ತುಸು ತಗ್ಗು. ಇಷ್ಟು ಹಠಮಾರಿ ಮರವನ್ನು ಎರಡು ದಿಕ್ಕಿಗೆ ಬಾಗಿಸಿ ಹಾಗೇ ಇರು ಎಂದರೆ ಇರುತ್ತದೆಯೇ? ಒಂದು ನೋಟ್‌ಪುಸ್ತಕ ತೆಗೆದುಕೊಂಡು ಬಗ್ಗಿಸಿ ನೋಡಿ. ಸುಲಭವಾಗಿ ಬಗ್ಗುತ್ತದೆ, ಏಕೆಂದರೆ ಹಾಳೆಗಳು ಒಂದರ ಮೇಲೊಂದು ಜಾರಿಕೊಳ್ಳುತ್ತವೆ. ಪುಸ್ತಕದ ಅಂಚು ಓರೆಯಾಗುವುದು ಅದರಿಂದಲೇ. ಬಗ್ಗಿಸಿ ಹಿಡಿದಾಗಲೇ ಹಾಳೆಗಳ ನಡುವೆ ಅಂಟು ಒಣಗಿತು ಅನ್ನಿ, ಮತ್ತೆ ಜಾರಿ ಹಿಂದೆ ಬರಲು ಅವುಗಳಿಗೆ ದಾರಿಯೇ ಇಲ್ಲ. ಬಾಗು ನಿಂತುಬಿಡುತ್ತದೆ. ಕಾರ್ಖಾನೆಯಲ್ಲಿ ಮಾಡುವುದು ಇಷ್ಟೇ. ಅಂಟು ಬಳಿದ ಹಾಳೆಗಳ ಕಟ್ಟುಗಳನ್ನು, ಒಂದೇ ಸಲಕ್ಕೆ ಹಲವು ಹಲಗೆಗಳದ್ದು, ಗಂಡು-ಹೆಣ್ಣು ಅಚ್ಚುಗಳ ನಡುವೆ ಇಟ್ಟು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಅದುಮುವುದು. ಮಲೆನಾಡಿನಲ್ಲಿ ನೆನೆಸಿದ ಅಡಿಕೆ ಹಾಳೆಯನ್ನು ಬಿಸಿ ಅಚ್ಚಿಗೆ ಕೊಟ್ಟು ತಟ್ಟೆ ತೆಗೆಯುವುದನ್ನು ಕಂಡವರು ಇದನ್ನು ಕಣ್ಮುಚ್ಚಿಯೂ ನೋಡಬಲ್ಲರು. ಅಲ್ಲಿ ಬಾಗನ್ನು ಉಳಿಸುವುದು ಶಾಖ, ಇಲ್ಲಿ ಅಂಟು.

ಪ್ರೆಸ್ಸಿಲ್ಲದೆಯೂ ಮಾಡಬಹುದು. ಟೊರಾಂಟೊದ ಟೆಡ್ ಹಂಟರ್ ಎಂಬ ಕಲಾಶಿಕ್ಷಕರು ಮಕ್ಕಳಿಗೆಂದು ಒಂದು ಉಪಾಯ ಕಂಡುಹಿಡಿದರು. ಅಚ್ಚಿನ ಮೇಲೆ ಅಂಟಿನ ಹಾಳೆಗಳನ್ನಿಟ್ಟು, ಎಲ್ಲವನ್ನೂ ಪ್ಲಾಸ್ಟಿಕ್ ಚೀಲದೊಳಗೆ ತೂರಿಸಿ ಮುಚ್ಚಿ, ಕೈಪಂಪಿನಿಂದ ಒಳಗಿನ ಗಾಳಿ ಎಳೆಯುವುದು. ಚೀಲ ಮುದುಡಿ ಮರಕ್ಕೆ ಅಂಟಿಕೊಳ್ಳುತ್ತದೆ, ಮರ ಅಚ್ಚಿಗೆ ಬಾಗುತ್ತದೆ. ಒತ್ತುವವರು ಯಾರು? ಹೊರಗಿನ ಗಾಳಿ. ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೊ ಭಾರದಂತೆ ಅದು ನಮ್ಮ ಮೇಲೂ ಸದಾ ಕೂತೇ ಇದೆ. ಎಂಟು ಅಂಗುಲ ಅಗಲ, 32 ಅಂಗುಲ ಉದ್ದದ ಹಲಗೆಗೆ ಲೆಕ್ಕ ಹಾಕಿದರೆ ಒಂದೂವರೆ ಟನ್ನಿಗೂ ಮಿಕ್ಕುತ್ತದೆ. ಒಂದು ಕಾರಿನ ತೂಕ! ಹತ್ತು ವರ್ಷದ ಹುಡುಗಿ ಕೈಪಂಪು ಆಡಿಸಿ ಒಂದು ಕಾರನ್ನು ಕರೆದು ಹಲಗೆಯ ಮೇಲೆ ಕೂರಿಸುತ್ತಾಳೆ, ಸದ್ದಿಲ್ಲದೆ. ಈ ಲೆಕ್ಕವನ್ನು ನಾನು ಎರಡು ಸಲ ಮಾಡಿ ನೋಡಿದೆ, ತಪ್ಪಿರಬಹುದೆಂದು. ತಪ್ಪಿರಲಿಲ್ಲ.

ಆಮೇಲಿನ ಹಂತಗಳು ಮರಗೆಲಸದವರೆಲ್ಲ ಬಲ್ಲವು. ಕೆಲವು ದಿನ ಆರಲು ಬಿಡುವುದು, ಚಕ್ರದ ಜೋಡಣೆಗೆ ಎಂಟು ತೂತು, ಗರಗಸದಲ್ಲಿ ಆಕಾರ, ಅಂಚು ಉರುಟು ಮಾಡಿ ತಿಕ್ಕಿ, ಮೆರುಗೆಣ್ಣೆ. ಮರ ಉತ್ತರದ ಕಾಡಿನದಾದರೂ ಈ ಕೆಲಸದ ಬಹುಪಾಲು ಈಗ ಮೆಕ್ಸಿಕೊದ ಟಿಹುವಾನಾದಲ್ಲಿ, ಚೀನಾದಲ್ಲಿ ನಡೆಯುತ್ತದೆ. ಒಂದೇ ಕಾರ್ಖಾನೆ ಹಲವು ಕಂಪನಿಗಳಿಗೆ ಹಲಗೆ ಒತ್ತಿಕೊಡುತ್ತದೆ. 1980ರ ದಶಕದಲ್ಲಿ ಒಬ್ಬೊಬ್ಬ ಆಟಗಾರನ ಹೆಸರಿನ ಹಲಗೆಗೂ ಒಂದೊಂದು ಆಕಾರವಿತ್ತು, ಮೀನಿನ ಹಾಗೆ, ಶವಪೆಟ್ಟಿಗೆಯ ಹಾಗೆ. ಬೀದಿಯ ಆಟ ಮೇಲುಗೈಯಾದ ಮೇಲೆ, 90ರ ದಶಕದಲ್ಲಿ, ಎರಡೂ ತುದಿ ಉರುಟಾದ ಐಸ್‌ಕ್ಯಾಂಡಿ ಕಡ್ಡಿಯ ಆಕಾರವೊಂದೇ ಉಳಿಯಿತು. ಆಕಾರ ಒಂದೇ, ಮರ ಒಂದೇ, ಎಷ್ಟೋ ಸಲ ಒತ್ತಿದ ಕೈಯೂ ಒಂದೇ. ನಿನ್ನದು ಬೇರೆ ನನ್ನದು ಬೇರೆ ಎನ್ನಲು ಚಿತ್ರ ಮಾತ್ರ ಉಳಿಯಿತು.

ಚಿತ್ರ ಅಚ್ಚು ಹಾಕುವ ಬಗೆ ನನಗೆ ಪೂರ್ತಿ ಹೊಸದಲ್ಲ. ನಮ್ಮೂರಿನಲ್ಲಿ ಲಗ್ನಪತ್ರಿಕೆ ಹಾಕುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯೊಂದಿತ್ತು. ಚೌಕಟ್ಟಿಗೆ ಬಿಗಿದ ತೆಳು ಬಲೆಬಟ್ಟೆ, ಅದರ ಮೇಲೆ ಇಂಕು, ರಬ್ಬರ್ ಪಟ್ಟಿಯಿಂದ ಒಂದು ಎಳೆತ, ಗಣಪತಿ ಮೂಡುತ್ತಿದ್ದ. ಒಂದು ಬಣ್ಣಕ್ಕೊಂದು ಬಲೆ. ಕೆಂಪು ಒಣಗದೆ ಹಳದಿ ಹಾಕುವಂತಿಲ್ಲ, ಕೂದಲೆಳೆ ತಪ್ಪಿದರೂ ಗಣಪತಿಗೆ ಎರಡು ಸೊಂಡಿಲು. ಅದು ಚಪ್ಪಟೆ ಕಾಗದದ ಪಾಡು. ಬಾಗಿದ ಹಲಗೆಗೆ ಹಾಕುವಾಗ ಬಲೆಯೂ ಬಾಗಬೇಕು, ಎಳೆಯುವ ಕೈಯೂ ಏರಿ ಇಳಿಯಬೇಕು. ಆರು ಬಣ್ಣವೆಂದರೆ ಒಂದು ಹಲಗೆ ಆರು ಸಲ ಆ ಕೈಯ ಕೆಳಗೆ ಬರಬೇಕು. ದಶಕಗಳ ಕಾಲ ಚಿತ್ರಗಳೆಲ್ಲ ಹೀಗೆ ಮೂಡಿದವು. ಸಾಂಟಾ ಕ್ರೂಜ್ ಕಂಪನಿಗೆ ಜಿಮ್ ಫಿಲಿಪ್ಸ್ 1985ರಲ್ಲಿ ಬರೆದ ಕೂಗುವ ಕೈಯೂ ಆ ಕಾಲದ್ದೇ. ಕತ್ತರಿಸಿ ಬಿದ್ದ ಒಂದು ನೀಲಿ ಹಸ್ತ, ಅಂಗೈಯಲ್ಲಿ ಹಲ್ಲು ನಾಲಗೆ ತೋರಿ ಕಿರುಚುವ ಬಾಯಿ. ಪೊವೆಲ್ ಪೆರಾಲ್ಟಾ ಕಂಪನಿಗೆ ವರ್ನನ್ ಕೋರ್ಟ್‌ಲ್ಯಾಂಡ್ ಜಾನ್ಸನ್ ಬರೆದ ತಲೆಬುರುಡೆಗಳೂ ಹಾಗೆ. ಅವುಗಳ ಸೂಕ್ಷ್ಮ ಗೆರೆ ನೋಡಿದರೆ ಹಳೆಯ ತಾಮ್ರದ ಕೆತ್ತನೆಗಳು ನೆನಪಾಗುತ್ತವೆ. ತಲೆಬುರುಡೆ ನನಗೇನೂ ಪ್ರೀತಿಯ ವಸ್ತುವಲ್ಲ. ಆದರೂ ಆ ಗೆರೆ ಎಳೆದವನ ತಾಳ್ಮೆಯನ್ನು ಸುಮ್ಮನೆ ದಾಟಿ ಹೋಗಲಾಗಲಿಲ್ಲ.

ಈಗ ಹೆಚ್ಚಿನವು ಬೇರೆ ದಾರಿಯಲ್ಲಿ ಬರುತ್ತವೆ. ಚಿತ್ರವನ್ನು ಮೊದಲು ತೆಳು ಪ್ಲಾಸ್ಟಿಕ್ ಹಾಳೆಗೆ ಅಚ್ಚು ಹಾಕಿ, ಆ ಹಾಳೆಯನ್ನು ಹಲಗೆಯ ಮೇಲಿಟ್ಟು ಬಿಸಿಯಾದ ಸಿಲಿಕೋನ್ ಉರುಳೆಯ ಕೆಳಗೆ ಹಾಯಿಸುತ್ತಾರೆ. ಮೆತ್ತಗಿನ ಉರುಳೆ ಹಲಗೆಯ ಏರುತಗ್ಗು ಹಿಡಿದು ಹೋಗುತ್ತದೆ. ಹಾಳೆ ಕಿತ್ತರೆ ಬಣ್ಣ ಮರಕ್ಕೆ ಬಂದಿರುತ್ತದೆ. ಹಾಳೆಯ ಮೇಲೆ ಎಲ್ಲವೂ ತಿರುವುಮುರುವು. ಎಡ ಬಲವಾಗಿರಬೇಕು, ಕೊನೆಗೆ ಎಲ್ಲಕ್ಕಿಂತ ಮೇಲೆ ಕಾಣಬೇಕಾದ ಗೆರೆಯನ್ನು ಎಲ್ಲಕ್ಕಿಂತ ಮೊದಲು ಹಾಕಬೇಕು, ಎಲ್ಲಕ್ಕೂ ಹಿನ್ನೆಲೆಯಾಗುವ ಬಿಳಿ ಕಟ್ಟಕಡೆಗೆ. ನಮ್ಮಜ್ಜಿಯ ದೇವರಮನೆಯಲ್ಲಿ ಗಾಜಿನ ಹಿಂಬದಿಗೆ ಬಣ್ಣ ಬರೆದ ಒಂದು ಕೃಷ್ಣನ ಪಟವಿತ್ತು. ಅದನ್ನು ಬರೆದವನೂ ಮೊದಲು ಮುತ್ತಿನ ಸರ, ಕಣ್ಣಿನ ಗೆರೆ ಬರೆದು, ಆಮೇಲೆ ಮುಖ ತುಂಬಿ, ಕೊನೆಗೆ ಹಿಂದಿನ ಪರದೆ ಬರೆದಿರಬೇಕು. ಮುಖಕ್ಕಿಂತ ಮೊದಲು ಮೂಗುತಿ! ಈ ಹಾಳೆಯ ವಿಧಾನ ಬಂದ ಮೇಲೆ, ಕಂಪ್ಯೂಟರಿನಿಂದ ನೇರ ಅಚ್ಚು ಹಾಕುವುದೂ ಸೇರಿಕೊಂಡ ಮೇಲೆ, ಒಂದೇ ಒಂದು ಹಲಗೆಗೂ ನಮ್ಮಿಷ್ಟದ ಚಿತ್ರ ಹಾಕಿಸಬಹುದು. ಬಲೆಗಳ ಕಾಲದಲ್ಲಿ ಅದು ಕೈಗೆಟುಕದ ದುಬಾರಿ ಮಾತು. ಮನೆಯ ನಾಯಿಯ ಫೋಟೊ ಹಾಕಿಸಿಕೊಂಡವರೂ ಇದ್ದಾರಂತೆ. ಕೈಯಿಂದ ಎಳೆದ ಇಂಕಿಗೆ ಒಂದು ದಪ್ಪವಿತ್ತು, ಬೆರಳಿಗೆ ಸಿಗುತ್ತಿತ್ತು, ಅದು ಇದರಲ್ಲಿಲ್ಲ ಎಂದು ಹಳಬರು ಗೊಣಗುತ್ತಾರೆ. ಗೊಣಗಲಿ, ಅವರ ಮಾತಿನಲ್ಲೂ ಹುರುಳಿದೆ.

ಇಷ್ಟೆಲ್ಲ ಆಗಿ ಚಿತ್ರ ಎಲ್ಲಿಗೆ ಬಂತು? ಮಣ್ಣಿಗೆ ಮುಖ ಮಾಡಿ, ಎರಡು ಜೊತೆ ಚಕ್ರಗಳ ನಡುವಿಗೆ. ಹಲಗೆಯ ಮೇಲೆ ನಿಂತವನಿಗೆ ಅದು ಕಾಣುವುದೇ ಇಲ್ಲ. ಅವನು ನೆಗೆದಾಗ, ಹಲಗೆ ಗಾಳಿಯಲ್ಲಿ ಮಗುಚಿದಾಗ, ಎದುರಿಗಿದ್ದವರಿಗೆ ಒಂದು ಕ್ಷಣ ಮಿಂಚುತ್ತದೆ. 80ರ ದಶಕದವರು ಚಿತ್ರ ಉಳಿಯಲೆಂದು, ಜಾರಲೂ ಸುಲಭವೆಂದು, ಕೆಳಗೆ ಪ್ಲಾಸ್ಟಿಕ್ ಪಟ್ಟಿಗಳನ್ನು ಸ್ಕ್ರೂ ಹಾಕಿ ಕೂರಿಸುತ್ತಿದ್ದರು. ಆಮೇಲಿನವರು ಅದನ್ನೂ ಕಿತ್ತೆಸೆದರು. ಚಿತ್ರಕಾರ ಶಾನ್ ಕ್ಲೈವರ್ ಈ ಕಲೆಯ ಚರಿತ್ರೆ ಬರೆದು 2004ರಲ್ಲಿ ಪುಸ್ತಕ ಮಾಡಿದಾಗ ಅದಕ್ಕಿಟ್ಟ ಹೆಸರು 'ಡಿಸ್ಪೋಸಬಲ್'. ಬಳಸಿ ಬಿಸಾಡುವಂಥದ್ದು. ತಾನು ಬರೆದ ಚಿತ್ರಗಳನ್ನೂ ಸೇರಿಸಿಯೇ ಹಾಗೆ ಕರೆದ.

ಬಿಸಾಡದೆ ಇಟ್ಟವರಿಗೂ ಕೊರತೆಯಿಲ್ಲ. 2019ರಲ್ಲಿ ನ್ಯೂಯಾರ್ಕಿನ ಸುಪ್ರೀಮ್ ಕಂಪನಿಯ 248 ಹಲಗೆಗಳ ಪೂರ್ಣ ಸಂಗ್ರಹ ಸೋತ್‌ಬೀಸ್ ಹರಾಜಿನಲ್ಲಿ 8 ಲಕ್ಷ ಡಾಲರಿಗೆ ಹೋಯಿತು. ನನ್ನ ಮನಸ್ಸು ಹೋದದ್ದು ಜಪಾನಿನ ಹರೋಷಿಯ ಕಡೆಗೆ. ಆತ ಮುರಿದ, ಸವೆದ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ದಿಮ್ಮಿ ಮಾಡಿ, ಅದರಿಂದ ಶಿಲ್ಪ ಕೆತ್ತುತ್ತಾನೆ. ಹಾಳೆಯಾಗಿ ಬಿಚ್ಚಿಕೊಂಡ ಮರ ಮತ್ತೆ ದಿಮ್ಮಿಯಾಗುತ್ತದೆ, ಈ ಸಲ ಗುಲಾಬಿ ಹಸಿರು ಉಂಗುರಗಳೊಡನೆ.

"ತೋರ್ಸು ಇಲ್ಲಿ," ಎಂದು ಹುಡುಗ ಆವತ್ತು ಕೊನೆಗೂ ಮೊಬೈಲು ಬದಿಗಿಟ್ಟು ಹಲಗೆಯನ್ನು ನನ್ನ ತೊಡೆಯಿಂದ ತೆಗೆದುಕೊಂಡ. ಬೋಳಾದ ನಡುಭಾಗದ ಮೇಲೆ ಬೆರಳಾಡಿಸಿದ. ಅದು ಕಬ್ಬಿಣದ ಕಂಬಿಯ ಮೇಲೆ ಅಡ್ಡಕ್ಕೆ ಜಾರಿದ್ದು. ತುದಿಯ ಬಳಿಯ ಓರೆ ಗೀರು ಕಲ್ಲಿನ ಕಟ್ಟೆಯದು, ಮೂರು ವಾರ ಬರದೆ ಬರದೆ ಕೊನೆಗೆ ಬಂದದ್ದು. ಹಕ್ಕಿಯ ಕಣ್ಣಿನ ಪಕ್ಕದ ಆಳವಾದ ಕಚ್ಚು ಸ್ನೇಹಿತನೊಬ್ಬ ಕೇಳದೆ ತೆಗೆದುಕೊಂಡು ಹೋಗಿ ಮಾಡಿದ್ದು. ಅವನ ಜೊತೆ ಎರಡು ದಿನ ಮಾತಿರಲಿಲ್ಲ. ನಾನು ಅಳಿಸಿಹೋಗಿದೆ ಎಂದುಕೊಂಡ ಜಾಗದಲ್ಲಿ ಅವನು ಸಾಲು ಹಿಡಿದು ಓದುತ್ತಿದ್ದ.

"ಹಕ್ಕಿ ಯಾವುದೋ ಇದು?" ಎಂದೆ.

"ಗೊತ್ತಿಲ್ಲ ಅತ್ತೆ. ಕೊಕ್ಕು ಮೊದಲ ವಾರಾನೇ ಹೋಯ್ತು."

ಕಳೆದ ತಿಂಗಳು ಹೋದಾಗ ಹೊಸ ಹಲಗೆ ಬಂದಿತ್ತು. ತೆಳು ಪ್ಲಾಸ್ಟಿಕ್ ಸುತ್ತಿದ ಹಾಗೇ ಅದನ್ನು ಗೋಡೆಗೊರಗಿಸಿ ಸ್ವಲ್ಪ ಹೊತ್ತು ನೋಡಿದ. ನೀಲಿ ಸಮುದ್ರ, ಅದರಲ್ಲಿ ನಗುವ ಒಂದು ಅಷ್ಟಪದಿ. ನನ್ನನ್ನೂ ಕರೆದು ತೋರಿಸಿದ. ಆಮೇಲೆ ಮಗುಚಿ ಹಾಕಿ, ಮೇಲೆ ಕಪ್ಪು ಗ್ರಿಪ್ ಟೇಪ್ ಎಳೆದು, ಅಂಚಿನುದ್ದಕ್ಕೆ ಸ್ಕ್ರೂಡ್ರೈವರಿನಿಂದ ಗೀಚಿ, ಬ್ಲೇಡಿನಿಂದ ಕತ್ತರಿಸಿದ. ತೂತು ಚುಚ್ಚಿದ, ಚಕ್ರ ಕೂರಿಸಿದ. ಅಡುಗೆಮನೆಯಲ್ಲಿ ಕರೆಂಟು ಹೋದಾಗಕ್ಕೆಂದು ಇಟ್ಟಿದ್ದ ಮೋಂಬತ್ತಿ ಜೇಬಿಗೆ ಹಾಕಿಕೊಂಡು ಓಡಿದ. ಆ ಮೋಂಬತ್ತಿ ಎಲ್ಲಿಗೆ ಹೋಗುತ್ತದೆಂದು ಅತ್ತಿಗೆಗೆ ಇಂದಿಗೂ ಗೊತ್ತಿಲ್ಲ.

ನನಗೆ ಗೊತ್ತು. ಬೀದಿಯ ಕೊನೆಗೆ, ಖಾಲಿ ಸೈಟಿನ ಮುಂದೆ ಒಂದು ಗ್ರಾನೈಟ್ ಕಟ್ಟೆಯಿದೆ. ಹುಡುಗರು ಅದರ ಅಂಚಿಗೆ ಮೇಣ ಉಜ್ಜುತ್ತಾರೆ, ಹಲಗೆ ಚೆನ್ನಾಗಿ ಜಾರಲೆಂದು. ಮಾರನೆಯ ಬೆಳಿಗ್ಗೆ ಹಾಲು ತರಲು ಹೋದವಳು ನಿಂತು ಬಗ್ಗಿ ನೋಡಿದೆ. ಕಲ್ಲಿನ ಅಂಚಿನ ಮೇಲೆ ಒಂದು ಮೊಳ ಉದ್ದ ಹೊಸ ನೀಲಿ. ಅದರಡಿಯಲ್ಲಿ ಯಾರದೋ ಕೆಂಪು, ಅದರಡಿಯಲ್ಲಿ ಮಾಸಿದ ಹಳದಿ, ಇನ್ನೂ ಕೆಳಗೆ, ಉಗುರಿನಿಂದ ಕೆರೆದರೆ, ಒಂದು ಚೂರು ಹಸಿರು.